2022-23ರ ಇಂಡೋನೇಷ್ಯಾ ಲಿಗಾ 1: ಪಿಎಸ್‌ಎಂ ಗೆದ್ದ ಕಪ್ ಪಕ್ಕ ಷರಾ ಬರೆಯಬೇಕಾ?

ಬಲಗಾಲು_ಭಟ್ಟ
ಆರ್ಸೆನಲ್, ಚೆಲ್ಸಿ ಅಂತ ಕಿತ್ತಾಡಿದ್ದು ಸಾಕು. ಇವತ್ತು ಇಂಡೋನೇಷ್ಯಾ ಕಡೆ ಹೋಗೋಣ.

ಅಲ್ಲಿಯ ಅತಿ ಮೇಲಿನ ಫುಟ್ಬಾಲ್ ಲೀಗ್ ಲಿಗಾ 1ರ 2022-23ರ ಸೀಸನ್ ಬಗ್ಗೆ ನನ್ನದೊಂದು ತಕರಾರಿದೆ. ಪಿಎಸ್‌ಎಂ ಮಕಾಸ್ಸರ್ ಚಾಂಪಿಯನ್ ಆಯಿತು. 34 ಮ್ಯಾಚ್, 75 ಪಾಯಿಂಟ್. ಎರಡನೇ ಸ್ಥಾನದ ಪರ್ಸಿಜಾ ಜಕಾರ್ತಾಗೆ 66. ಅಂಕಿ ನೋಡಿದರೆ ತುಟಿ ಬಿಚ್ಚುವ ಹಾಗಿಲ್ಲ. ಆದರೆ ಆ ಸೀಸನ್ ನಡೆದ ರೀತಿ ನೋಡಿ. 2022ರ ಅಕ್ಟೋಬರ್ 1ರಂದು ಮಲಾಂಗ್ ಹತ್ತಿರದ ಕಂಜುರುಹಾನ್ ಸ್ಟೇಡಿಯಂನಲ್ಲಿ ನಡೆದ ದುರಂತದಲ್ಲಿ 135 ಜನ ಸತ್ತರು. ಲೀಗ್ ಎರಡು ತಿಂಗಳು ನಿಂತಿತು. ಡಿಸೆಂಬರ್ 5ಕ್ಕೆ ಮತ್ತೆ ಶುರುವಾದಾಗ ಪ್ರೇಕ್ಷಕರಿಲ್ಲ, ಹೋಮ್ ಗ್ರೌಂಡೂ ಇಲ್ಲ. ಮೊದಲಿಗೆ ಎಲ್ಲ ಟೀಮ್‌ಗಳನ್ನೂ ಮಧ್ಯ ಜಾವಾ, ಯೋಗ್ಯಕರ್ತಾ ಸುತ್ತಮುತ್ತ ಕೂಡಿಹಾಕಿ ಆಡಿಸಿದರು. ಜನವರಿಯಲ್ಲಿ ಕೆಳಗಿನ ಡಿವಿಷನ್‌ಗಳಾದ ಲಿಗಾ 2, ಲಿಗಾ 3 ಎರಡನ್ನೂ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಕೆಳಗಿನಿಂದ ಮೇಲೆ ಬರುವವರು ಇಲ್ಲ ಅಂದ ಮೇಲೆ ಮೇಲಿನಿಂದ ಕೆಳಗೆ ಹೋಗುವವರೂ ಇಲ್ಲ. ರೆಲಿಗೇಶನ್ ಕ್ಯಾನ್ಸಲ್.

ಇಷ್ಟೆಲ್ಲ ಆದ ಮೇಲೂ ಆ ಕಪ್ಪನ್ನು ಬೇರೆ ವರ್ಷಗಳ ಕಪ್ ಸಾಲಿನಲ್ಲೇ ಇಡಬೇಕಾ? ಪಕ್ಕದಲ್ಲಿ ಒಂದು ಷರಾ ಬೇಡವಾ?

ಆಸ್ಟಿನ್‌ಟೌನ್‌ವಾಸಿ
ನಮ್ಮ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಆಗ ರೆಲಿಗೇಶನ್ ಅನ್ನೋದೇ ಇರಲಿಲ್ಲ. ಹಾಗಾದರೆ 2018-19ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಗೆದ್ದಿದ್ದಕ್ಕೂ ಷರಾ ಬರೆಯುತ್ತೀರಾ ಭಟ್ರೇ?

ಬಲಗಾಲು_ಭಟ್ಟ
ಅದು ಮೊದಲೇ ಗೊತ್ತಿದ್ದ ನಿಯಮ ಸ್ವಾಮಿ. ಇಲ್ಲಿ ಆಟದ ಮಧ್ಯೆ ನಿಯಮ ಬದಲಾಯಿಸಿದರು. ಎರಡೂ ಒಂದೇನಾ?

ಲೆಕ್ಕದ_ಲಕ್ಷ್ಮಿ
ರೆಲಿಗೇಶನ್ ತೆಗೆದಿದ್ದರಿಂದ ಪಿಎಸ್‌ಎಂಗೆ ಮಾತ್ರ ಲಾಭ ಆಯಿತು ಅಂತ ಹೇಗೆ ಹೇಳುತ್ತೀರಿ? ಕೊನೆಯ ಸ್ಥಾನದಲ್ಲಿದ್ದ ರಾನ್ಸ್ ನುಸಂತಾರಾ ಜೊತೆ ಪಿಎಸ್‌ಎಂ ಆಡಿದ ಹಾಗೇ ಪರ್ಸಿಜಾನೂ ಆಡಿದೆ, ಪರ್ಸಿಬ್ ಬಂಡುಂಗ್ ಕೂಡ ಆಡಿದೆ. ಭಯ ಹೋಗಿ ಕೆಳಗಿನ ಟೀಮ್‌ಗಳು ಸಡಿಲ ಬಿಟ್ಟರೆ ಅದು ಎಲ್ಲರಿಗೂ ಸಿಕ್ಕ ಸಡಿಲ.

ಇನ್ನೊಂದು ವಿಷಯ. ಒಂಬತ್ತು ಪಾಯಿಂಟ್ ಅಂತರ ಅಂದರೆ ಮೂರು ಗೆಲುವು. ಎರಡು ಮ್ಯಾಚ್ ಇನ್ನೂ ಬಾಕಿ ಇರುವಾಗಲೇ, 2023ರ ಮಾರ್ಚ್ 31ಕ್ಕೆ, ಮದುರಾ ಯುನೈಟೆಡ್ ಅನ್ನು ಅವರ ಊರು ಪಮೆಕಾಸಾನ್‌ನಲ್ಲೇ 3-1ರಿಂದ ಸೋಲಿಸಿ ಕಪ್ ಖಚಿತ ಮಾಡಿಕೊಂಡರು. ಯಾರೋ ಜಾರಿ ಬಿದ್ದಿದ್ದಕ್ಕೆ ಸಿಕ್ಕ ಕಪ್ ಅಲ್ಲ ಅದು.

ಅದರ ಹಿಂದಿನ ಸೀಸನ್‌ನಲ್ಲಿ ಇದೇ ಪಿಎಸ್‌ಎಂ 18 ಟೀಮ್‌ಗಳಲ್ಲಿ 14ನೇ ಸ್ಥಾನ. ಒಂದೇ ವರ್ಷದಲ್ಲಿ 14ರಿಂದ 1ಕ್ಕೆ. ಷರಾ ಬರೆಯಲೇಬೇಕು ಅಂದರೆ ಅದನ್ನು ಬರೆಯಿರಿ.

ಮಧ್ಯರಾತ್ರಿ_ಮ್ಯಾಚ್
+1. ಕೋಚ್ ಬರ್ನಾರ್ಡೊ ತವಾರೆಸ್ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಪೋರ್ಚುಗಲ್‌ನವರು. ಕೈಯಲ್ಲಿ ದೊಡ್ಡ ದುಡ್ಡಿನ ಟೀಮ್ ಇರಲಿಲ್ಲ. ಹಿಂದೆ ಕೇಪ್ ವರ್ಡ್‌ನ ಯುರಾನ್ ಫೆರ್ನಾಂಡಿಸ್ ಅನ್ನೋ ಆನೆಯಂಥ ಡಿಫೆಂಡರ್, ಮಧ್ಯದಲ್ಲಿ ವರ್ಷಗಟ್ಟಲೆ ಅಲ್ಲೇ ಬೇರು ಬಿಟ್ಟಿದ್ದ ಡಚ್ ಕ್ಯಾಪ್ಟನ್ ವಿಲ್ಯಾನ್ ಪ್ಲೂಯಿಮ್, ಮುಂದೆ ಹುಡುಗ ರಮಧಾನ್ ಸನಾಂತಾ. ಆಗ ವಿದೇಶಿ ಆಟಗಾರರಿಗೆ 3+1 ನಿಯಮ, ನಾಲ್ಕೇ ಜನ. ಉಳಿದವರು ಊರ ಹುಡುಗರೇ. ತವಾರೆಸ್ ಎಳೆಯರನ್ನು ಹೆದರದೆ ಆಡಿಸಿದರು.

ಆಟ ಚಂದ ಇತ್ತು ಅಂತ ಹೇಳಲ್ಲ. ಬಾಲ್ ಎದುರಾಳಿಗೆ ಬಿಟ್ಟುಕೊಟ್ಟು, ಹಿಂದೆ ಗುಂಪು ಕಟ್ಟಿ, ಸಿಕ್ಕಾಗ ಓಡುವುದು. ನೋಡುವವರಿಗೆ ಆಕಳಿಕೆ, ಆಡುವವರಿಗೆ ಪಾಯಿಂಟ್.

ಹುಬ್ಳಿ_ಹಾಫ್‌ಬ್ಯಾಕ್
ನನಗ ಗೊತ್ತಿರೋದು ಆ ಕಂಜುರುಹಾನ್ ಸುದ್ದಿ ಅಷ್ಟೇ ರೀ. ಎರಡು ಟೀಮ್ ಫ್ಯಾನ್ಸ್ ಹೊಡೆದಾಡಿಕೊಂಡು ಕಾಲ್ತುಳಿತ ಆಯಿತು ಅಲ್ವಾ?

ಸೌಮ್ಯ_ಕೆ
@ಹುಬ್ಳಿ_ಹಾಫ್‌ಬ್ಯಾಕ್ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಟಿವಿಯವರೂ ಆಗ ಹಾಗೇ ಹೇಳಿದ್ದರು.

ಮಲಾಂಗ್‌ನ ಅರೆಮಾ ಮತ್ತು ಸುರಬಾಯಾದ ಪರ್ಸೆಬಾಯಾ ಮ್ಯಾಚ್ ಅದು. ಹಳೇ ಹಗೆ. ಗಲಾಟೆ ಬೇಡ ಅಂತ ಪರ್ಸೆಬಾಯಾ ಫ್ಯಾನ್ಸ್‌ಗೆ ಪ್ರವೇಶವೇ ಇರಲಿಲ್ಲ. ಸ್ಟೇಡಿಯಂನಲ್ಲಿ ಇದ್ದವರೆಲ್ಲ ಅರೆಮಾ ಕಡೆಯವರೇ. ಹೊಡೆದಾಡಲು ಎದುರು ಪಾರ್ಟಿ ಎಲ್ಲಿತ್ತು? ಅರೆಮಾ 3-2ರಿಂದ ಸೋತಿತು. ಸ್ವಂತ ಅಂಗಳದಲ್ಲಿ ಪರ್ಸೆಬಾಯಾ ಎದುರು 23 ವರ್ಷದಲ್ಲಿ ಮೊದಲ ಸೋಲು. ಕೆಲವರು ಮೈದಾನಕ್ಕೆ ಇಳಿದರು. ಪೊಲೀಸರು ಲಾಠಿ ಬೀಸಿದರು, ಆಮೇಲೆ ಅಶ್ರುವಾಯು ಸಿಡಿಸಿದರು. ಮೈದಾನಕ್ಕೆ ಇಳಿದವರ ಮೇಲೆ ಮಾತ್ರ ಅಲ್ಲ, ಗ್ಯಾಲರಿಯಲ್ಲಿ ಸುಮ್ಮನೆ ಕೂತಿದ್ದವರ ಮೇಲೂ. ಫಿಫಾ ನಿಯಮದಲ್ಲಿ ಸ್ಟೇಡಿಯಂ ಒಳಗೆ ಅಶ್ರುವಾಯು ಇಟ್ಟುಕೊಳ್ಳುವುದಕ್ಕೇ ನಿಷೇಧ ಇದೆ.

ಕಣ್ಣು ಉರಿ, ಉಸಿರು ಕಟ್ಟಿ ಎಲ್ಲರೂ ಬಾಗಿಲ ಕಡೆ ಓಡಿದರು. ಕಡಿದಾದ ಮೆಟ್ಟಿಲು, ಕೆಳಗೆ ಸಣ್ಣ ಬಾಗಿಲು. ಅದರಲ್ಲೂ ಕೆಲವು ಸರಿಯಾಗಿ ತೆರೆದಿರಲಿಲ್ಲ. 13ನೇ ಗೇಟ್ ಹತ್ತಿರ ಹೆಣಗಳ ರಾಶಿ. ಸತ್ತವರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಹಾಗಾಗಿ "ಕಾಲ್ತುಳಿತ" ಅಂದುಬಿಟ್ಟರೆ ಜನರೇ ಜನರನ್ನು ತುಳಿದು ಕೊಂದ ಹಾಗೆ ಕೇಳಿಸುತ್ತದೆ. ಸರ್ಕಾರ ನೇಮಿಸಿದ ತನಿಖಾ ತಂಡವೇ ಅಶ್ರುವಾಯುವಿನ ಕಡೆ ಬೆರಳು ತೋರಿಸಿತು.

ಹುಬ್ಳಿ_ಹಾಫ್‌ಬ್ಯಾಕ್
ಅಬ್ಬಾ. ಯಾರಿಗಾದರೂ ಶಿಕ್ಷೆ ಆಯಿತಾ?

ಸೌಮ್ಯ_ಕೆ
ಆಯಿತು ಅನ್ನುವ ಹಾಗೆ ಆಯಿತು. 2023ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟ್ ಮೂವರು ಪೊಲೀಸ್ ಅಧಿಕಾರಿಗಳಲ್ಲಿ ಒಬ್ಬರಿಗೆ ಒಂದೂವರೆ ವರ್ಷ ಕೊಟ್ಟು, ಇಬ್ಬರನ್ನು ಬಿಟ್ಟುಬಿಟ್ಟಿತು. ಕಾರಣ ಕೇಳಿ: ಹೊಗೆಯನ್ನು ಗಾಳಿ ಬೇರೆ ಕಡೆ ಒಯ್ದಿತಂತೆ. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ತಿರುಗಿಸಿ, ಬಿಡುಗಡೆ ಆಗಿದ್ದ ಇಬ್ಬರಿಗೆ ಎರಡು, ಎರಡೂವರೆ ವರ್ಷ ವಿಧಿಸಿತು. 135 ಜೀವಕ್ಕೆ.

ಕೋಚ್_ಅಲ್ಲದವನು
ಮ್ಯಾಚ್ ಟೈಮ್ ವಿಷಯ ಬಿಟ್ಟಿರಿ. ಅದೇ ನನಗೆ ಜಾಸ್ತಿ ಸಿಟ್ಟು ಬರಿಸಿದ್ದು. ಪೊಲೀಸರು ಮಧ್ಯಾಹ್ನ ಮೂರೂವರೆಗೆ ಆಡಿಸಿ ಅಂದಿದ್ದರು. ಲೀಗ್ ನಡೆಸುವ ಕಂಪನಿ ಒಪ್ಪಲಿಲ್ಲ. ರಾತ್ರಿ ಎಂಟೇ ಬೇಕು, ಯಾಕಂದರೆ ಟಿವಿ. 38 ಸಾವಿರ ಟಿಕೆಟ್ ಸಾಕು ಅಂದರೆ 42 ಸಾವಿರ ಅಚ್ಚು ಹಾಕಿದರು. ಅಶ್ರುವಾಯು ಹಾರಿಸುವ ಮೊದಲೇ ಹತ್ತು ಕಡೆ ತಪ್ಪಾಗಿತ್ತು.

ಶೆಟ್ರು_ಸಿಂಗಾಪುರ
ಆ ರಾತ್ರಿ ನಾನು ಸುರಬಾಯಾದಲ್ಲೇ ಇದ್ದೆ, ಕಂಪನಿ ಕೆಲಸದ ಮೇಲೆ. ಹೋಟೆಲ್ ಪಕ್ಕದ ಬೀದಿಯಲ್ಲಿ ಒಂದು ಸೊತೊ (ಅಲ್ಲಿಯ ಸೂಪ್) ಅಂಗಡಿ. ಗೋಡೆಗೆ ಪರ್ಸೆಬಾಯಾದ ಹಸಿರು ಶಾಲು ಮೊಳೆ ಹೊಡೆದು ಹಾಕಿದ್ದರು. ಮೂಲೆಯಲ್ಲಿ ಟಿವಿ. ಬೆಂಚಿನ ಮೇಲೆ ಜಾಗ ಇಲ್ಲ, ಜನ ರಸ್ತೆಯಲ್ಲೇ ಬೈಕ್ ನಿಲ್ಲಿಸಿ ಅದರ ಮೇಲೆ ಕೂತು ನೋಡುತ್ತಿದ್ದರು. ಮೂರನೇ ಗೋಲ್ ಬಿದ್ದಾಗ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಓಡಿದ. ನನ್ನ ಬಟ್ಟಲಿಗೆ ಅನ್ನ ಹಾಕುವುದನ್ನೇ ಮರೆತ.

ಮ್ಯಾಚ್ ಮುಗಿದ ಮೇಲೆ ಬೀದಿ ತುಂಬ ಹಾರ್ನ್. ನಾನು ಮೇಲೆ ಹೋಗಿ ಮಲಗಿದೆ. ಬೆಳಿಗ್ಗೆ ಇಳಿದು ಬಂದರೆ ಅದೇ ಬೀದಿಯಲ್ಲಿ ಮಾತೇ ಇಲ್ಲ. ಅಂಗಡಿಯವನು ಫೋನ್ ನೋಡುತ್ತಾ ಕೂತಿದ್ದ. ಅವನ ಅಕ್ಕನ ಮಗ ಮಲಾಂಗ್‌ನಲ್ಲಿ ಓದುತ್ತಿದ್ದನಂತೆ, ಅರೆಮಾ ಫ್ಯಾನ್ ಅಂತೆ, ಇಬ್ಬರಿಗೂ ಅದೇ ವಿಷಯಕ್ಕೆ ಜಗಳವಂತೆ. ಹುಡುಗ ಅವತ್ತು ಮ್ಯಾಚಿಗೆ ಹೋಗಿರಲಿಲ್ಲ, ಪುಣ್ಯ.

ಭಟ್ರೇ, ಷರಾ ಬರೆಯುವುದಾದರೆ ಲೀಗ್ ಹೆಸರಿನ ಪಕ್ಕ ಬರೆಯಿರಿ. ಮಕಾಸ್ಸರ್ ಹುಡುಗರು ಏನು ಮಾಡಿದರು ಪಾಪ?

ವೆಸ್ಟ್‌ಬ್ಲಾಕ್_ಪಾಪು
ಗೇಟ್ ವಿಷಯ ಓದಿ ಚಿನ್ನಸ್ವಾಮಿ ನೆನಪಾಯಿತು. 2025ರ ಜೂನ್ 4. ಆರ್‌ಸಿಬಿ ಕಪ್ ನೋಡಲು ಬಂದು 11 ಜನ ಸತ್ತರು. ಅವತ್ತೂ ಇದೇ ತಾನೇ? ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಇಲ್ಲ, ಬಾಗಿಲು ಯಾವಾಗ ತೆಗೀತಾರೆ ಅಂತ ಗೊತ್ತಿಲ್ಲ.

ಆಸ್ಟಿನ್‌ಟೌನ್‌ವಾಸಿ
ಅದಕ್ಕೂ ಮೊದಲು 1980ರ ಆಗಸ್ಟ್ 16. ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಮ್ಯಾಚ್, 16 ಜನ ಸತ್ತರು. ಫುಟ್ಬಾಲ್‌ನಲ್ಲೂ ನಾವು ಕಂಡಿದ್ದೇವೆ.

ಬಲಗಾಲು_ಭಟ್ಟ
ಎರಡೂ ಸರಿ, ಆದರೆ ಚಿನ್ನಸ್ವಾಮಿ ಶುರುವಾದರೆ ಇದು ಇವತ್ತಿಗೆ ಮುಗಿಯಲ್ಲ. ಅದಕ್ಕೆ ಬೇರೆ ಎಳೆ ಇದೆ. ಲೀಗಿಗೆ ವಾಪಸ್ ಬನ್ನಿ.

ವೆಸ್ಟ್‌ಬ್ಲಾಕ್_ಪಾಪು
ಲೀಗಿಗೇ ಬರುತ್ತೇನೆ. ಖಾಲಿ ಸ್ಟೇಡಿಯಂನಲ್ಲಿ ಆಡಿಸಿದ್ದು ಪಿಎಸ್‌ಎಂಗೆ ಅನುಕೂಲ ಆಗಲಿಲ್ಲವಾ? ಪರ್ಸಿಬ್, ಪರ್ಸಿಜಾ, ಪರ್ಸೆಬಾಯಾ ಇವರದ್ದೆಲ್ಲ ಅರ್ಧ ಶಕ್ತಿ ಇರೋದೇ ಗ್ಯಾಲರಿಯಲ್ಲಿ. ನಮ್ಮ ಬಿಎಫ್‌ಸಿಯನ್ನು ಕೋವಿಡ್ ಕಾಲದಲ್ಲಿ ಗೋವಾದ ಬಬಲ್‌ಗೆ ಹಾಕಿದ ವರ್ಷ ನೋಡಿಲ್ವಾ, ಪೂರಾ ಬಡವಾಗಿತ್ತು.

ಮಧ್ಯರಾತ್ರಿ_ಮ್ಯಾಚ್
ಇದು ಒಳ್ಳೆಯ ಪ್ರಶ್ನೆ. ಆದರೆ ಉತ್ತರ ನಿಮಗೆ ಇಷ್ಟ ಆಗಲಿಕ್ಕಿಲ್ಲ.

ಪಿಎಸ್‌ಎಂಗೆ ಕಳೆದುಕೊಳ್ಳಲು ಮನೆಯೇ ಇರಲಿಲ್ಲ. ಮಕಾಸ್ಸರ್‌ನ ಹಳೇ ಮತೊಆಂಗಿನ್ ಸ್ಟೇಡಿಯಂ ಅನ್ನು 2020ರಲ್ಲೇ ಒಡೆದು ಹಾಕಿದ್ದರು, ಹೊಸದು ಕಟ್ಟುತ್ತೇವೆ ಅಂತ. ಒಡೆಯುವುದು ಬೇಗ ಆಯಿತು, ಕಟ್ಟುವುದು ಆಗಲೇ ಇಲ್ಲ. ಹಾಗಾಗಿ 2022-23ರಲ್ಲಿ ಅವರ "ಹೋಮ್" ಅಂದರೆ ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಪರೆಪರೆ ಊರು. ಬೆಂಗಳೂರು ಟೀಮಿಗೆ ಮೈಸೂರಿನಲ್ಲಿ ಆಡು ಅಂದ ಹಾಗೆ. ಅಲ್ಲಿಯ ಸ್ಟೇಡಿಯಂಗೆ ಆ ಊರಲ್ಲೇ ಹುಟ್ಟಿದ ಮಾಜಿ ಅಧ್ಯಕ್ಷ ಹಬೀಬಿ ಅವರ ಹೆಸರು.

1915ರ ನವೆಂಬರ್ 2ಕ್ಕೆ ಹುಟ್ಟಿದ ಕ್ಲಬ್. ಇಂಡೋನೇಷ್ಯಾದಲ್ಲಿ ಈಗ ಆಡುತ್ತಿರುವವರಲ್ಲಿ ಹಳಬರು. ಅಂಥವರಿಗೆ ಸ್ವಂತ ಊರಲ್ಲಿ ಒಂದು ಮೈದಾನ ಇಲ್ಲ. ಬೇರೆಯವರು ಎರಡು ತಿಂಗಳಿಂದ ಮನೆ ಬಿಟ್ಟಿದ್ದರು, ಇವರು ಎರಡು ವರ್ಷದಿಂದ. ಅಭ್ಯಾಸ ಆಗಿತ್ತು ಅನ್ನಿ. ಅದನ್ನು ಅನುಕೂಲ ಅಂತ ಕರೆಯುವ ಮನಸ್ಸು ನನಗಿಲ್ಲ.

ಲೆಕ್ಕದ_ಲಕ್ಷ್ಮಿ
ಪರ್ಸಿಜಾ ಕೂಡ ತನ್ನ ಊರಲ್ಲಿ ಇರಲಿಲ್ಲ. ಜಕಾರ್ತಾದ ಗೆಲೋರಾ ಬುಂಗ್ ಕರ್ನೋ ಸ್ಟೇಡಿಯಂ ಅಂಡರ್-20 ವಿಶ್ವಕಪ್‌ಗೆ ಅಂತ ರಿಪೇರಿಯಲ್ಲಿತ್ತು. ಪಕ್ಕದ ಬೆಕಾಸಿಯಲ್ಲಿ ಆಡುತ್ತಿದ್ದರು.

ಕೋಚ್_ಅಲ್ಲದವನು
ಮತ್ತೆ ಆ ವಿಶ್ವಕಪ್ ಏನಾಯಿತು ಹೇಳಿ! 2023ರ ಮಾರ್ಚ್ 29ಕ್ಕೆ ಫಿಫಾ ಕಿತ್ತುಕೊಂಡಿತು. ಇಸ್ರೇಲ್ ಟೀಮ್ ಬರುವುದು ಬೇಡ ಅಂತ ಬಾಲಿ ಗವರ್ನರ್ ಪಟ್ಟು ಹಿಡಿದಿದ್ದರು. ಟೂರ್ನಿ ಅರ್ಜೆಂಟೀನಾಕ್ಕೆ ಹೋಯಿತು. ಪಿಎಸ್‌ಎಂ ಕಪ್ ಖಚಿತ ಮಾಡಿಕೊಂಡಿದ್ದು ಅದಾಗಿ ಎರಡೇ ದಿನಕ್ಕೆ. ಪಾಪ, 23 ವರ್ಷ ಕಾದು ಗೆದ್ದ ಕಪ್, ಮರುದಿನ ದೇಶವೆಲ್ಲ ಬೇರೆ ವಿಷಯಕ್ಕೆ ಬೈದಾಡುತ್ತಿತ್ತು.

ಪರ್ಸಿಜಾ ಕೋಚ್ ಥಾಮಸ್ ಡಾಲ್ ಸೀಸನ್ ಪೂರ್ತಿ ಇದೇ ವಿಷಯಕ್ಕೆ ಜಗಳ ಆಡಿದ್ದರು. ಅವರ ಎಳೆಯ ಆಟಗಾರರನ್ನೆಲ್ಲ ರಾಷ್ಟ್ರೀಯ ಕೋಚ್ ಶಿನ್ ತೇ-ಯಾಂಗ್ ಉದ್ದುದ್ದ ಕ್ಯಾಂಪಿಗೆ ಕರೆಯುತ್ತಿದ್ದರು. ಲೀಗ್ ಮ್ಯಾಚಿಗೆ ಹುಡುಗರಿಲ್ಲ, ಕೊನೆಗೆ ವಿಶ್ವಕಪ್ಪೂ ಇಲ್ಲ.

ಆಸ್ಟಿನ್‌ಟೌನ್‌ವಾಸಿ
ಆಮೇಲೆ ಅಂಡರ್-17 ವಿಶ್ವಕಪ್ ಅವರಿಗೇ ಸಿಕ್ಕಿತಲ್ಲ. ಆಗ ಬುಂಗ್ ಕರ್ನೋದಲ್ಲಿ ಕೋಲ್ಡ್‌ಪ್ಲೇ ಹಾಡುತ್ತಿದ್ದರು 😂

ಹುಬ್ಳಿ_ಹಾಫ್‌ಬ್ಯಾಕ್
ನೆಟ್ಟಗ ಒಂದು ಟೂರ್ನಿ ನಡೆಸಾಕ ಎಷ್ಟು ತಾಪತ್ರಯ ಮಾರಾಯ.

ಎಡಗಡೆ_ವಿಂಗ್
ಎಲ್ಲರೂ ಲಿಗಾ 1 ಅನ್ನೇ ಹಿಡಿದುಕೊಂಡಿದ್ದೀರಿ. ಆ ಸೀಸನ್‌ನಲ್ಲಿ ನಿಜವಾಗಿ ಹೊಡೆತ ತಿಂದಿದ್ದು ಲಿಗಾ 2. 28 ಕ್ಲಬ್. ಜನವರಿಯಲ್ಲಿ ಒಂದು ಮೀಟಿಂಗ್ ಮಾಡಿ ಬಾಗಿಲು ಹಾಕಿದರು. ಸ್ಟೇಡಿಯಂ ಸರಿ ಇಲ್ಲ, ದುಡ್ಡಿಲ್ಲ, ಕೆಲವು ಕ್ಲಬ್‌ಗಳೇ ಬೇಡ ಅಂದವು ಅಂತ ಕಾರಣ ಕೊಟ್ಟರು. ಮೇಲಿನ ಡಿವಿಷನ್‌ನವರಿಗೆ "ಇಳಿಯುವ ಭಯ ಇಲ್ಲ" ಅಂತ ನೆಮ್ಮದಿ. ಕೆಳಗಿನವರಿಗೆ ಸಂಬಳವೇ ಇಲ್ಲ. ಆ ಹುಡುಗರು ಏನು ಮಾಡಿರಬೇಕು ಅಂತ ಯಾರಾದರೂ ಕೇಳಿದ್ದೀರಾ?

ನನಗೆ ಇದು ಚೆನ್ನಾಗಿ ಗೊತ್ತು. ನಾನು ಬೆಂಗಳೂರಿನ ಲೀಗ್‌ನಲ್ಲಿ ಒಂದು ಸಣ್ಣ ಟೀಮಿಗೆ ಆಡುತ್ತಿದ್ದೆ, ಹೆಸರು ಬೇಡ. ಸೀಸನ್ ಮಧ್ಯೆ ಮಾಲೀಕರ ಫೋನ್ ಸ್ವಿಚ್ಡ್ ಆಫ್. ಮೂರು ವಾರ ನಾವೇ ಪೆಟ್ರೋಲ್ ಹಾಕಿಕೊಂಡು ಪ್ರಾಕ್ಟೀಸಿಗೆ ಹೋದೆವು. ಕಿಟ್ ಇಟ್ಟಿದ್ದ ರೂಮಿಗೆ ಬೀಗ. ಒಳಗೆ ನನ್ನ ಶೂ ಇತ್ತು, ಇವತ್ತಿಗೂ ಅಲ್ಲೇ ಇರಬೇಕು. ನಮ್ಮ ಗೋಲ್‌ಕೀಪರ್ ಆ ತಿಂಗಳೇ ಫುಡ್ ಡೆಲಿವರಿಗೆ ಸೇರಿದ. ಮತ್ತೆ ಗ್ಲೌಸ್ ಹಾಕಲಿಲ್ಲ.

ಸೌಮ್ಯ_ಕೆ
ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ಲಿಗಾ 2 ನಿಲ್ಲಿಸಿದ್ದನ್ನು ಎಲ್ಲರೂ "ರೆಲಿಗೇಶನ್ ರದ್ದು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಮುಂದಿನ ತಿಂಗಳೇ, ಅಂದರೆ ಫೆಬ್ರವರಿಯಲ್ಲಿ, ಎರಿಕ್ ತೋಹಿರ್ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷರಾದರು. ಆದರೂ ಆ ಸೀಸನ್ ಮತ್ತೆ ಶುರುವಾಗಲಿಲ್ಲ.

ಬಲಗಾಲು_ಭಟ್ಟ
ನೋಡಿ, ನೀವೆಲ್ಲ ನನ್ನ ವಾದವನ್ನೇ ಗಟ್ಟಿ ಮಾಡುತ್ತಿದ್ದೀರಿ. ಕೆಳಗಿನ ಡಿವಿಷನ್ ಮುಚ್ಚಿದೆ, ಅರೆಮಾ ಊರೂರು ಅಲೆಯುತ್ತಿದೆ, ಗ್ಯಾಲರಿ ಖಾಲಿ. ಇದು ಲೀಗಾ? ಸೀಸನ್ನನ್ನು ಅಲ್ಲೇ ರದ್ದು ಮಾಡಿ ಮುಂದಿನ ವರ್ಷ ಹೊಸದಾಗಿ ಶುರು ಮಾಡಬೇಕಿತ್ತು. 135 ಜನಕ್ಕೆ ಅಷ್ಟು ಮರ್ಯಾದೆ ಆದರೂ ಸಿಗುತ್ತಿತ್ತು.

ಶೆಟ್ರು_ಸಿಂಗಾಪುರ
ಮರ್ಯಾದೆ ಬೇರೆ ರೀತಿಯಲ್ಲೂ ಸಿಕ್ಕಿತು ಭಟ್ರೇ. ಅಕ್ಟೋಬರ್ 4ಕ್ಕೆ ಯೋಗ್ಯಕರ್ತಾದ ಮಂಡಾಲಾ ಕ್ರಿಡಾ ಸ್ಟೇಡಿಯಂನಲ್ಲಿ ಪಿಎಸ್‌ಐಎಂ, ಪಿಎಸ್‌ಎಸ್ ಸ್ಲೆಮಾನ್, ಸೋಲೋ ಊರಿನ ಪರ್ಸಿಸ್ ಫ್ಯಾನ್ಸ್ ಎಲ್ಲ ಒಟ್ಟಿಗೆ ಸೇರಿ ಪ್ರಾರ್ಥನೆ ಮಾಡಿದರು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು. ಲೀಗ್ ನಡೆಸುವವರು ಮಾಡದ್ದನ್ನು ಅವರು ಮಾಡಿದರು.

ರದ್ದು ಮಾಡಿದ್ದರೆ ಲಿಗಾ 2ರ ಹುಡುಗರಿಗೆ ಆದದ್ದು ಲಿಗಾ 1ಕ್ಕೂ ಆಗುತ್ತಿತ್ತು. ಅಧಿಕಾರಿಗಳಿಗೆ ಏನೂ ಆಗುತ್ತಿರಲಿಲ್ಲ.

ಕೋಚ್_ಅಲ್ಲದವನು
ಜಗಳ ಪೂರ್ತಿ ನಿಂತಿತು ಅಂತಲೂ ಇಲ್ಲ. 2023ರ ಜನವರಿಯಲ್ಲಿ ಸ್ಲೆಮಾನ್‌ನಲ್ಲಿ ಅರೆಮಾ ಬಸ್ಸಿಗೆ ಕಲ್ಲು ಬಿತ್ತು. ಬಸ್ಸಲ್ಲಿದ್ದ ಆಟಗಾರರು ಅಶ್ರುವಾಯು ಹಾರಿಸಿದವರಲ್ಲ. ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು, ಅಷ್ಟೇ.

ಎಡಗಡೆ_ವಿಂಗ್
ಒಂದು ಡೌಟು. ಆ ವರ್ಷ ಜಾಸ್ತಿ ಗೋಲ್ ಹೊಡೆದವರು ಪಿಎಸ್‌ಎಂನವರೇನಾ?

ಲೆಕ್ಕದ_ಲಕ್ಷ್ಮಿ
ಅಲ್ಲ, ಬೋರ್ನಿಯೊ ಸಮರಿಂದಾದ ಬ್ರೆಜಿಲ್ ಆಟಗಾರ ಮಥೆಯುಸ್ ಪಾಟೊ. 25 ಗೋಲ್.

ಬೋರ್ನಿಯೊ ಹೆಸರು ಬಂತಲ್ಲ, ಈಗ ಕೇಳಿ ಭಟ್ರೇ. ನಿಮ್ಮ ಷರಾಕ್ಕೆ ಸರಿಯಾದ ಜಾಗ 2023-24. ಆ ವರ್ಷ ಲೀಗ್ ಹಂತದಲ್ಲಿ ಮೊದಲು ಬಂದವರು ಬೋರ್ನಿಯೊ. ಆದರೆ ಹೊಸ ನಿಯಮ: ಮೊದಲ ನಾಲ್ಕು ಟೀಮ್ ಸೆಮಿಫೈನಲ್, ಫೈನಲ್ ಆಡಬೇಕು. ಬೋರ್ನಿಯೊ ಸೆಮಿಯಲ್ಲಿ ಮದುರಾ ಎದುರು ಸೋತಿತು. ಕಪ್ ಪರ್ಸಿಬ್‌ಗೆ. ಸೀಸನ್ ಪೂರ್ತಿ ಮೇಲಿದ್ದವನಿಗೆ ಮೂರನೇ ಸ್ಥಾನ! ಮುಂದಿನ ವರ್ಷ ಆ ನಿಯಮವನ್ನೇ ತೆಗೆದರು.

2022-23ರಲ್ಲಿ ಅಷ್ಟೆಲ್ಲ ರಾಡಿ ಆದರೂ ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದರು, ಪಾಯಿಂಟ್ ಜಾಸ್ತಿ ಇದ್ದವರು ಗೆದ್ದರು. ಇದಕ್ಕಿಂತ ನೇರ ಇನ್ನೇನು ಬೇಕು?

ವೆಸ್ಟ್‌ಬ್ಲಾಕ್_ಪಾಪು
ಅಯ್ಯೋ ಇದು ನಮ್ಮ ಐಎಸ್‌ಎಲ್ ಶೀಲ್ಡ್ ಮತ್ತು ಕಪ್ ಜಗಳವೇ. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್, ಫೈನಲ್ ಗೆದ್ದವರಿಗೆ ಕಪ್. 2022-23ರಲ್ಲಿ ಶೀಲ್ಡ್ ಮುಂಬೈಗೆ, ಕಪ್ ಮೋಹನ್ ಬಗಾನ್‌ಗೆ. ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತವರು ನಾವು. ಅದನ್ನು ನೆನಪಿಸಬೇಡಿ.

ಬಲಗಾಲು_ಭಟ್ಟ
ಬೋರ್ನಿಯೊಗೆ ಅನ್ಯಾಯ ಆಯಿತು, ಒಪ್ಪಿದೆ. ಆದರೆ ಅದು ಸೀಸನ್ ಶುರುವಿಗೆ ಮೊದಲೇ ಹೇಳಿದ್ದ ನಿಯಮ. ನಾನು ಹೇಳುತ್ತಿರುವುದು ಮಧ್ಯದಲ್ಲಿ ಬದಲಾಯಿಸಿದ್ದರ ಬಗ್ಗೆ. ಷರಾ ಪಿಎಸ್‌ಎಂ ಮೇಲೆ ಬೇಡ ಅಂದರೆ ಸೀಸನ್ ಮೇಲೇ ಇರಲಿ. ಇರಲಂತೂ ಬೇಕು.

ಲೆಕ್ಕದ_ಲಕ್ಷ್ಮಿ
ಮೊದಲ ಪೋಸ್ಟ್‌ನಲ್ಲಿ ಕಪ್ ಪಕ್ಕ ಅಂದಿರಿ, ಈಗ ಸೀಸನ್ ಪಕ್ಕ. ಇನ್ನು ಹತ್ತು ರಿಪ್ಲೈ ಆದರೆ ಷರಾ ಫಿಫಾ ಆಫೀಸಿಗೆ ಹೋಗುತ್ತದೆ.

ಹುಬ್ಳಿ_ಹಾಫ್‌ಬ್ಯಾಕ್
😂😂 ಇಷ್ಟೆಲ್ಲ ಗೊತ್ತಿರೋರು ಹೇಳ್ರಿ, ಈ ಕಡೆ ಟೀಮ್‌ಗಳ ಜೊತೆ ಬಿಎಫ್‌ಸಿ ಆಡಿದ್ದು ಉಂಟಾ?

ಆಸ್ಟಿನ್‌ಟೌನ್‌ವಾಸಿ
ಉಂಟಾ ಅಂತ ಕೇಳ್ತೀರಲ್ಲ! 2015ರ ಎಎಫ್‌ಸಿ ಕಪ್‌ನಲ್ಲಿ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಪಪುವಾದ ಪರ್ಸಿಪುರಾ ಜಯಪುರಾ ನಮ್ಮ ಗುಂಪಿನಲ್ಲೇ ಇತ್ತು. ಅದೇ ವರ್ಷ ಫಿಫಾ ಇಂಡೋನೇಷ್ಯಾವನ್ನು ಅಮಾನತು ಮಾಡಿತು, ಅವರ ಓಟ ಅರ್ಧಕ್ಕೇ ನಿಂತಿತು. 2016ರ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್. ಅಲ್ಲಿ 1-1. ಅಕ್ಟೋಬರ್ 19ಕ್ಕೆ ಕಂಠೀರವದಲ್ಲಿ ಮೊದಲು ಗೋಲ್ ಹೊಡೆದವರು ಅವರೇ. ಆಮೇಲೆ ಛೇತ್ರಿ ಎರಡು, ಹುವಾನನ್ ಒಂದು. 3-1. ಹಿಂದಿನ ವರ್ಷ ಅದೇ ಕಪ್ ಗೆದ್ದಿದ್ದ ಟೀಮ್ ಅದು.

ವೆಸ್ಟ್‌ಬ್ಲಾಕ್_ಪಾಪು
ಅವತ್ತು ನಾನಿದ್ದೆ. ಗಂಟಲು ಹೋಗಿ ಮರುದಿನ ಆಫೀಸಲ್ಲಿ ಚೀಟಿ ಬರೆದು ಮಾತಾಡಿದೆ.

ಮಧ್ಯರಾತ್ರಿ_ಮ್ಯಾಚ್
ಜೊಹೋರ್ ಹೆಸರು ಎತ್ತಿದಿರಿ. 2014ರಿಂದ ಮಲೇಷ್ಯಾ ಲೀಗನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ ಅವರು. ಅಲ್ಲಿ ಷರಾ ಬೇಡ, ರಬ್ಬರ್ ಸ್ಟಾಂಪೇ ಸಾಕು. ಅದಕ್ಕೊಂದು ಹೊಸ ಎಳೆ ಶುರು ಮಾಡುತ್ತೇನೆ, ಭಟ್ರು ಮೊದಲು ಬಂದು ಕಿತ್ತಾಡಲಿ.

ಬಲಗಾಲು_ಭಟ್ಟ
ಲಿಂಕ್ ಹಾಕಿ. ಊಟ ಮಾಡಿ ಬರುತ್ತೇನೆ.